ನೀರಿಲ್ಲದೆ ಕೊಯ್ದ ಕಲ್ಲು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ತಗಡಿನ ಷೆಡ್ಡಿನೊಳಗೆ ಹೆಂಗಸೊಬ್ಬರು ರಬ್ಬರ್ ಏಪ್ರನ್ ಬಿಗಿದುಕೊಂಡು, ಕಿವಿಗೆ ದಪ್ಪ ಮುಚ್ಚಳ ಏರಿಸಿ, ಗರಗಸದ ಮುಂದೆ ನಿಂತಿದ್ದಾರೆ. ಕೈಯಲ್ಲಿ ಲಟ್ಟಣಿಗೆಯಂಥ ಉರುಟು ಕಲ್ಲು. ಗುಂಡನೆಯ ಅಲಗು ಗಿರ್ರನೆ ತಿರುಗುತ್ತದೆ, ಅದರ ಮೇಲೆ ಕೊಳವೆಯಿಂದ ನೀರು ಸುರಿಯುತ್ತದೆ, ಕೆಂಪು ಕೆಸರು ಏಪ್ರನ್ನಿಗೂ ಗೋಡೆಗೂ ಎರಚುತ್ತದೆ. ಕಲ್ಲು ಉದ್ದಕ್ಕೆ ಎರಡು ಹೋಳಾಗುತ್ತದೆ. ಆಕೆ ಒಂದು ಹೋಳನ್ನು ತೊಳೆದು ಮೂಗಿನ ಹತ್ತಿರ ಹಿಡಿಯುತ್ತಾರೆ.

"ಎಣ್ಣೆ ಬಾವಿ ಕಲ್ಲಾದ್ರೆ ಸೀಮೆಎಣ್ಣೆ ಡಬ್ಬಿ ತೆಗೆದ ಹಾಗಿರುತ್ತೆ. ನೀರಿನ ಬಾವಿದಾದ್ರೆ ಏನೂ ಇಲ್ಲ," ಎನ್ನುತ್ತಾರೆ. "ಮೂಸೋದು ಬೇಡ ಅಂತ ಡಾಕ್ಟ್ರು ಹೇಳಿದ್ದಾರೆ. ಅವರಿಗೇನು, ಅವರು ಮನುಷ್ಯರನ್ನ ಕೊಯ್ಯೋರು."

ಇವರನ್ನು ಎಲ್ಲರೂ ಗರಗಸಮ್ಮ ಎಂದೇ ಕರೆಯುತ್ತಾರೆ. ನೆಲವನ್ನು ಆಳಕ್ಕೆ ಕೊರೆಯುವಾಗ ಕೊಳವೆಯೊಳಗೆ ಸಿಕ್ಕಿ ಮೇಲೆ ಬರುವ ಕಲ್ಲಿನ ಉರುಟುಗಳನ್ನು ಉದ್ದಕ್ಕೆ ಸೀಳುವುದು ಇವರ ಕೆಲಸ. ಒಂದು ಹೋಳು ಭೂವಿಜ್ಞಾನಿಗಳ ಮೇಜಿಗೆ ಹೋಗುತ್ತದೆ, ಇನ್ನೊಂದು ಮರದ ಪೆಟ್ಟಿಗೆಯಲ್ಲಿ ಷೆಡ್ಡಿನ ಅಟ್ಟಣಿಗೆ ಸೇರುತ್ತದೆ. ಎಲ್ಲಿ ಬಾವಿ ತೋಡಬೇಕು, ಎಲ್ಲಿ ತೋಡಬಾರದು ಎಂದು ದೊಡ್ಡ ಕೋಣೆಗಳಲ್ಲಿ ಕೂತು ತೀರ್ಮಾನಿಸುವವರು ಈ ಹೋಳುಗಳನ್ನೇ ನೋಡುತ್ತಾರೆ. ಅವನ್ನು ಕೊಯ್ದ ಕೈ ಯಾವುದು ಎಂದು ಯಾರೂ ಕೇಳುವುದಿಲ್ಲ. ದಿನಕ್ಕೆ ಹತ್ತು ಹನ್ನೆರಡು ಪೆಟ್ಟಿಗೆ ಮುಗಿಯುತ್ತದೆ. ಕಲ್ಲು ಗಟ್ಟಿಯಿದ್ದರೆ ಅದರಲ್ಲಿ ಅರ್ಧ.

ಮೊದಲು ಇವರು ಅಡುಗೆಮನೆ ಕಟ್ಟೆಗೆ ಹಾಸುವ ಕಲ್ಲುಗಳ ಅಂಗಳದಲ್ಲಿ ಪಾಲಿಶ್ ಹಾಕುತ್ತಿದ್ದರು. "ಅಲ್ಲಿ ಸಾರು ಚೆಲ್ಲಿದ್ರೂ ಹೀರ್ಕೊಳ್ಳದ ಕಲ್ಲಿಗೆ ಬೆಲೆ. ಇಲ್ಲಿ ಗಟಗಟ ಕುಡಿಯೋ ಕಲ್ಲಿಗೆ ಮರ್ಯಾದೆ. ಬಂದ ಹೊಸದರಲ್ಲಿ ತಲೆ ಕೆಟ್ಟುಹೋಗಿತ್ತು." ಇಷ್ಟು ವರ್ಷಗಳಲ್ಲಿ ಎಡಗಿವಿ ಹೆಚ್ಚುಕಮ್ಮಿ ಹೋಗಿದೆ. ಚಳಿಗಾಲದಲ್ಲಿ ಬೆರಳ ಸಂದುಗಳು ಒಡೆಯುತ್ತವೆ. ಬೆಳಗಿನ ಕೆಮ್ಮು ತಪ್ಪಿದ್ದಲ್ಲ. ಗಂಡ ಟೈಲರ್. ಅವರ ದೂರು ಬೇರೆಯೇ ಇದೆ: "ಮನೇಲಿ ಸಕ್ಕರೆ ಡಬ್ಬಿಗೂ ಬಾಣ ಬರೆದಿದ್ದಾಳೆ, ಮೇಲೆ ಯಾವುದು ಕೆಳಗೆ ಯಾವುದು ಅಂತ. ಡಬ್ಬಿಗೆ ಮುಚ್ಚಳ ಇದೆ ಕಣೇ ಅಂದ್ರೆ ಕೇಳಲ್ಲ."

ಬಾಣಕ್ಕೆ ಕಾರಣವಿದೆ. ನೆಲದೊಳಗಿಂದ ಬಂದ ಪ್ರತಿ ಉರುಟಿನ ಮೇಲೂ ಉದ್ದಕ್ಕೆ ಎರಡು ಗೆರೆ ಎಳೆಯುತ್ತಾರೆ, ಒಂದು ಕೆಂಪು, ಒಂದು ನೀಲಿ. ಕಲ್ಲಿನ ಮೇಲ್ತುದಿ ಮೇಲಿದ್ದಾಗ ಕೆಂಪು ಬಲಕ್ಕಿರಬೇಕು. ಕಲ್ಲು ತಲೆಕೆಳಗಾದರೆ ಪೂರ್ವಕ್ಕೆ ಇಳಿಯುವ ಬಿರುಕು ಪಶ್ಚಿಮಕ್ಕೆ ಇಳಿದಂತೆ ಕಾಣುತ್ತದೆ, ಬಾವಿ ಗುಡ್ಡದ ತಪ್ಪು ಮಗ್ಗುಲಿಗೆ ಬೀಳುತ್ತದೆ.

ಈ ವಾರ ಷೆಡ್ಡಿನ ಮೂಲೆಯ ಮೇಜಿನ ಮೇಲೆ ಒಂದು ಉರುಟು ಬೇರೆಯಾಗಿ ಮಲಗಿದೆ. ಮೊಳದುದ್ದ, ಸುತ್ತ ಅಂಟುಪಟ್ಟಿ, ಅದರ ಮೇಲೆ ಕೈ ಮುರಿದವರಿಗೆ ಹಾಕುವಂಥ ಪ್ಲಾಸ್ಟರ್. ಗರಗಸಮ್ಮ ಅದರ ಪಕ್ಕ ಹಾಯುವಾಗಲೆಲ್ಲ ನಡಿಗೆ ನಿಧಾನ ಮಾಡುತ್ತಾರೆ. ಅದು ಸ್ತರಭಂಗದ ಕಲ್ಲು. ನೆಲದೊಳಗೆ ಬಂಡೆ ಸೀಳಿ, ಒಂದು ಮಗ್ಗುಲು ಇನ್ನೊಂದರ ಮೇಲೆ ಜಾರಿದ ಜಾಗದಿಂದ ಬಂದದ್ದು. ಷೆಡ್ಡಿನಲ್ಲಿ ಅದಕ್ಕೆ ಬರೀ 'ಜಾರು' ಎನ್ನುತ್ತಾರೆ.

ಜಾರು ಎಂದರೆ ಸೀಳು, ಸೀಳಿದ್ದಲ್ಲಿ ನೀರು ಸೋರಲೇಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಗರಗಸಮ್ಮ ಬಿಸಾಡುವ ತುಂಡೊಂದನ್ನು ತಂದು, ಔಷಧಿ ಹಾಕುವ ಡ್ರಾಪರಿನಿಂದ ಅದರ ಮೇಲೆ ನೀರು ತೊಟ್ಟಿಕ್ಕಿಸುತ್ತಾರೆ. ಕೆಂಪು ಮರಳುಗಲ್ಲಿನ ಮೇಲೆ ಬಿದ್ದ ಹನಿ ಬಿದ್ದಲ್ಲೇ ಇಂಗಿಹೋಗುತ್ತದೆ. ತುಂಡಿನ ನಡುವೆ ದಾರದಷ್ಟು ದಪ್ಪದ ಬಿಳಿ ಪಟ್ಟಿಯೊಂದು ಹಾದುಹೋಗಿದೆ. ಅದರ ಮೇಲೆ ಬಿದ್ದ ಹನಿ ಹಾಗೇ ಕೂತಿದೆ, ಮಿನುಗುತ್ತ. ನೋಡುತ್ತ ನಿಂತರೂ ಇಳಿಯುವುದಿಲ್ಲ.

"ಒಂದು ಪಾತ್ರೆಯಲ್ಲಿ ಗೋಧಿಕಾಳು ತುಂಬಿ ನೀರು ಹುಯ್ಯಿರಿ, ತಳಕ್ಕೆ ಹೋಗುತ್ತೆ. ಅದೇ ಗೋಧಿ ಹಿಟ್ಟು ಮಾಡಿ ಹುಯ್ಯಿರಿ, ಮೇಲೇ ನಿಲ್ಲುತ್ತೆ. ಜಾರಿದಾಗ ಇಲ್ಲಿನ ಮರಳು ಅರೆದು ಹಿಟ್ಟಾಗಿದೆ, ಅಷ್ಟೇ. ಮೇಡಂ ಹೇಳಿಕೊಟ್ಟಿದ್ದು." ಮೇಡಂ ಎಂದರೆ ಇಲ್ಲಿನ ಭೂವಿಜ್ಞಾನಿ. ಅವರು ಅರ್ಧ ದಿನ ಷೆಡ್ಡಿನಲ್ಲೇ ಇರುತ್ತಾರೆ, ಇಬ್ಬರ ಟೀ ಒಂದೇ ಫ್ಲಾಸ್ಕಿನದು. ಇಂಥ ಬಿಳಿ ಪಟ್ಟಿಗಳು ಒಂದರ ಪಕ್ಕ ಒಂದು ಗುಂಪುಗಟ್ಟಿದ ಮೇಲೆ ನಡುವೆ ಒಂದು ನುಣುಪು ಮುಖ ಹುಟ್ಟುತ್ತದೆ, ದೊಡ್ಡ ಜಾರಿಕೆ ಆಗುವುದು ಅಲ್ಲೇ ಎಂದು ಅವರು ವಿವರಿಸುತ್ತಾರೆ. ಆ ಮುಖದ ಮೇಲೆ ಜೇಡಿಮಣ್ಣಿನ ತೆಳು ಪದರ ಇರುತ್ತದೆ. ಪಟ್ಟಿಗಳೂ ಜೇಡಿಯೂ ಸೇರಿದರೆ ನೆಲದೊಳಗೆ ಗೋಡೆ. ಜೇಡಿ ಇಲ್ಲದೆ ಬಾಯಿ ತೆರೆದಿದ್ದರೆ ಅದೇ ಜಾಗ ಕಿಂಡಿ.

ಮೂಲೆಯಲ್ಲಿ ಮಲಗಿರುವ ಉರುಟು ಗೋಡೆಯೋ ಕಿಂಡಿಯೋ ಎಂಬುದರ ಮೇಲೆ ಒಂದು ಬಡಾವಣೆಯ ನೀರು ನಿಂತಿದೆ. ಜಾರಿನ ಈಚೆ ಬಡಾವಣೆಯ ಬಾವಿಗಳಿವೆ. ಆಚೆ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ತನ್ನ ಕೊಳಚೆ ನೀರಿಗೆ ಹೊಂಡ ತೋಡಲು ಅನುಮತಿ ಕೇಳಿದೆ. ಜಾರು ಗೋಡೆಯಾಗಿದ್ದರೆ ಕೊಳಚೆ ಈಚೆ ಬರುವುದಿಲ್ಲ, ಹೊಂಡಕ್ಕೆ ದಾರಿ ಸುಲಭ. ಕಿಂಡಿಯಾಗಿದ್ದರೆ ಹೊಂಡವಿಲ್ಲ. ಕೊರೆದಾಗ ಜಾರಿನ ಭಾಗವೆಲ್ಲ ಪುಡಿಯಾಗಿ ಹೋಯಿತು. ಇಡಿಯಾಗಿ ಕೈಗೆ ಸಿಕ್ಕಿದ್ದು ಈ ಒಂದು ಉರುಟು ಮಾತ್ರ.

ಬಡಾವಣೆಯ ಬಾವಿಯೊಂದರಿಂದ ದಿನವೂ ನೀರು ಸೇದುವವರಲ್ಲಿ ಗರಗಸಮ್ಮನ ಸ್ವಂತ ಅಕ್ಕನೂ ಒಬ್ಬರು.

"ಉರುಟು ಬಂದ ದಿನವೇ ಮೇಡಂಗೆ ಹೇಳ್ದೆ, ನಮ್ಮಕ್ಕ ಅಲ್ಲೇ ಇರೋದು ಅಂತ. ಹೇಳದೆ ಕೊಯ್ದಿದ್ರೆ ಕಳ್ಳಿ ಅನ್ನಿಸಿಕೊಳ್ತಿದ್ದೆ." ಭೂವಿಜ್ಞಾನಿ, "ಸರಿ, ಕೊಯ್ಯೋವಾಗ ನಾನು ಪಕ್ಕದಲ್ಲಿ ನಿಲ್ತೀನಿ," ಎಂದರಂತೆ. ಬೇರೆ ಯಾರಿಗೆ ಕೊಡುವುದು? ಜಾರನ್ನು ಒಣಗರಗಸದಲ್ಲಿ ಕೊಯ್ಯಲು ಬರುವವರು ಈ ಸುತ್ತಮುತ್ತ ಇನ್ನೊಬ್ಬರಿಲ್ಲ.

ಒಣಗರಗಸ ಯಾಕೆ ಬೇಕು ಎನ್ನುವುದನ್ನೂ ಗರಗಸಮ್ಮ ತೋರಿಸಿಯೇ ಹೇಳುತ್ತಾರೆ. ಜೇಡಿ ಇರುವ ಬಿಸಾಡು ತುಂಡೊಂದನ್ನು ಎಂದಿನಂತೆ ನೀರು ಬಿಟ್ಟು ಕೊಯ್ಯುತ್ತಾರೆ. ನಡುವಿನ ಬೂದುಬಣ್ಣದ ಪದರ ಹಾಲಿನಂತೆ ಕರಗಿ ಮೋರಿಗೆ ಇಳಿದುಹೋಗುತ್ತದೆ. ಪ್ರತಿ ಹೋಳಿನಲ್ಲೂ ಜೇಡಿಯಿದ್ದ ಜಾಗದಲ್ಲಿ ಕಡ್ಡಿ ತೂರುವಷ್ಟು ಸಂದು ಉಳಿಯುತ್ತದೆ.

"ಈಗ ಇದನ್ನ ಯಾರಿಗೆ ತೋರಿಸಿದ್ರೂ ಬಿರುಕು ಅಂತಾರೆ. ಬಿರುಕು ಮಾಡಿದ್ದು ನಾನು."

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಫೋನ್ ಬರುತ್ತದೆ. ಎಡಗಿವಿ ಕೇಳದ ಕಾರಣ ಗರಗಸಮ್ಮನ ಫೋನ್ ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ಹಾಗಾಗಿ ಅಕ್ಕತಂಗಿಯರ ಜಗಳ ಷೆಡ್ಡಿಗೆಲ್ಲ ಕೇಳಿಸುತ್ತದೆ.

"ಏನೇ ಪುಟ್ಟಿ, ಕೊಯ್ದ್ಯಾ?"

"ಇಲ್ಲಕ್ಕ, ನಾಳೆ."

"ನಿನ್ನೆನೂ ನಾಳೆ ಅಂದೆ. ನೋಡು, ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ. ಒಂದು ಚೂರು ನೀರು ಬಿಟ್ಟು ಕೊಯ್ದ್ರೆ ನಿಂದೇನು ಗಂಟು ಹೋಗುತ್ತೆ?"

"ಗಂಟು ಹೋಗಲ್ಲ, ಜೇಡಿ ಹೋಗುತ್ತೆ."

"ಹೋಗ್ಲಿ ಬಿಡೇ! ಒಂದು ಚಮಚ ಮಣ್ಣು. ಅದಕ್ಕೆ ಇಷ್ಟು ಸಡಗರ."

"ಆಮೇಲೆ ಅದು ಸೋರುತ್ತೆ ಅಂತ ಆಗುತ್ತಕ್ಕ."

"ಆಗ್ಲಿ ಅಂತಾನೇ ಬಡ್ಕೊಳ್ತಿರೋದು! ಹೊಂಡ ಬರಲ್ಲ, ನಮ್ಮ ಬಾವಿ ಉಳಿಯುತ್ತೆ."

"ಸುಳ್ಳು ಹೇಳಿ ಉಳಿಸ್ಲಾ?"

"ನೀನೆಲ್ಲಿ ಬಾಯಿ ಬಿಡ್ತೀಯ? ಕಲ್ಲು ಹೇಳುತ್ತೆ."

ಅಕ್ಕ ಬಿಡುವುದಿಲ್ಲ. "ಚಿಕ್ಕವಳಿದ್ದಾಗ ನಿನಗೆ ತಲೆ ಬಾಚಿ ಸ್ಕೂಲಿಗೆ ಕಳಿಸ್ತಿದ್ದೋಳು ನಾನು. ನೆನಪಿದೆಯಾ?"

"ಅದಕ್ಕೇ ಅರ್ಧ ಕೂದಲು ಉದುರಿದ್ದು."

"ಕೊಬ್ಬು ನಿಂಗೆ!" ಎಂದು ಅಕ್ಕ ಫೋನ್ ಇಡುತ್ತಾರೆ. ಷೆಡ್ಡಿನಲ್ಲಿ ನಗು ಏಳುತ್ತದೆ. ಗರಗಸಮ್ಮ ನಗುವುದಿಲ್ಲ. ಡಬ್ಬಿಯಲ್ಲಿ ಅರ್ಧ ಊಟ ಉಳಿಸಿ ಮುಚ್ಚಳ ಹಾಕುತ್ತಾರೆ.

ಮಾರನೆಯ ಬೆಳಿಗ್ಗೆ ಮೂಲೆಯ ಒಣಗರಗಸ ಹೊರಬರುತ್ತದೆ. ಇದಕ್ಕೆ ನೀರಿನ ಕೊಳವೆ ಇಲ್ಲ, ಅಲಗು ಕಾಯದಂತೆ ಗಾಳಿ ಊದುವ ಕೊಳವೆ ಇದೆ. ದೂಳು ಹೆಚ್ಚು, ಕೆಲಸ ನಿಧಾನ. ಕಲ್ಲನ್ನು ಸ್ವಲ್ಪ ಜೋರಾಗಿ ಒತ್ತಿದರೂ ಪದರ ಉದುರುತ್ತದೆ, ಒತ್ತದಿದ್ದರೆ ಅಲಗು ಒಂದೇ ಕಡೆ ಉಜ್ಜಿ ಸುಡುತ್ತದೆ. ಭೂವಿಜ್ಞಾನಿ ಪ್ಲಾಸ್ಟರ್ ಮೇಲೆ ಪೆನ್ಸಿಲ್ ಗೆರೆ ಎಳೆದು, ಮಾತಿನಂತೆ ಪಕ್ಕದಲ್ಲೇ ನಿಲ್ಲುತ್ತಾರೆ. ಗರಗಸಮ್ಮ ಮಾಸ್ಕ್ ಬಿಗಿದು ಬಲಗಿವಿಯ ಮುಚ್ಚಳ ಮಾತ್ರ ತೆಗೆಯುತ್ತಾರೆ. ಉಳಿದಿರುವ ಒಂದು ಕಿವಿಯನ್ನೂ ಹೀಗೆ ಹಾಳುಮಾಡಿಕೊಳ್ಳುವುದು ತಪ್ಪು ಎಂದು ಅವರಿಗೇ ಗೊತ್ತು.

"ಪಟ್ಟಿ ಬಂದ ಕೂಡ್ಲೇ ಸದ್ದು ಸಣ್ಣಗಾಗುತ್ತೆ. ಅದು ಕೇಳಿಸದೆ ನಾನು ಕೊಯ್ಯೋಕಾಗಲ್ಲ."

ಸದ್ದು ಸಣ್ಣಗಾಗುತ್ತದೆ. ಕೈ ಹಿಡಿತ ಸಡಿಲವಾಗುತ್ತದೆ. ಮತ್ತೆ ದಪ್ಪ ಸದ್ದು, ಮತ್ತೆ ಸಣ್ಣ ಸದ್ದು, ಮತ್ತೆ ಮತ್ತೆ. ನಡುವೆ ಒಂದು ಕಡೆ ಸದ್ದೇ ಇಲ್ಲದಂತೆ ಅಲಗು ಮೆತ್ತಗೆ ಒಳಗೆ ಹೋಗುತ್ತದೆ. ಅದು ಜೇಡಿ. ಎರಡು ಮಾರು ದೂರದಲ್ಲಿ ಎಂದಿನ ಗರಗಸದ ನೀರಿನ ನಲ್ಲಿ ಇದೆ. ಆ ಕಡೆ ಅವರು ಕಣ್ಣೂ ಹಾಯಿಸುವುದಿಲ್ಲ.

ಹೋಳುಗಳು ಬಿಚ್ಚಿಕೊಂಡಾಗ ಷೆಡ್ಡಿನಲ್ಲಿದ್ದವರೆಲ್ಲ ಬಗ್ಗುತ್ತಾರೆ. ಒಂದು ಮಗ್ಗುಲು ಇಟ್ಟಿಗೆಗೆಂಪು, ಇನ್ನೊಂದು ಮಗ್ಗುಲು ಅನ್ನದಷ್ಟು ಬಿಳಿ. ನಡುವೆ ಪಟ್ಟಿಗಳ ಕಟ್ಟು, ಅದರ ಅಂಚಿಗೆ ಬೂದು ಜೇಡಿ, ಒಂದು ಕಡೆಯೂ ತುಂಡಾಗದೆ, ತುದಿಯಿಂದ ತುದಿಗೆ ಹಾಗೇ ಕೂತಿದೆ. ಒಂದು ಕಾಲಕ್ಕೆ ಇಲ್ಲಿ ಹರಿದ ನೀರು ಆಚೆಯ ಕಲ್ಲಿನ ಕೆಂಪನ್ನೆಲ್ಲ ತೊಳೆದು ಬಿಳಿ ಮಾಡಿದೆ, ಆದರೆ ಈಚೆಗೆ ದಾಟಲು ಆಗಿಲ್ಲ ಎಂದು ಭೂವಿಜ್ಞಾನಿ ಹೇಳುತ್ತಾರೆ. ಪಕ್ಕದ ಕೋಣೆಯ ಯಂತ್ರದಲ್ಲಿ ಬೆರಳಷ್ಟು ತುಂಡುಗಳ ಮೂಲಕ ಗಾಳಿ ತೂರಿಸಿ ನೋಡಿದಾಗಲೂ ಅದೇ ಉತ್ತರ. ಗೋಡೆ ಗಟ್ಟಿ.

ಗರಗಸಮ್ಮ ಏಪ್ರನ್ ಬಿಚ್ಚಿ ಹೊರಗೆ ಹೋಗಿ ಅಕ್ಕನಿಗೆ ತಾವೇ ಫೋನ್ ಮಾಡುತ್ತಾರೆ. ಮಾತು ಬೇಗ ಮುಗಿಯುತ್ತದೆ. "ಆಯ್ತು, ನಾಳೆಯಿಂದ ಬಣ್ಣದ ನೀರು ಕುಡೀತೀವಿ, ನಿನ್ನ ಹೆಸರು ಹೇಳ್ಕೊಂಡು," ಎಂದಿದ್ದಾರೆ ಅಕ್ಕ.

ಅಷ್ಟಕ್ಕೇ ವಿಷಯ ಮುಗಿದಿಲ್ಲ. ಜೇಡಿ ಉಳಿದಿದ್ದರಿಂದಲೇ ಅದರ ಮಗ್ಗುಲಿನಲ್ಲಿ ಕೂದಲೆಳೆಯ ಇನ್ನೊಂದು ಗೆರೆ ಕಂಡಿದೆ, ತುಕ್ಕಿನ ಬಣ್ಣದ್ದು. ನೀರು ಗೋಡೆ ದಾಟದಿದ್ದರೂ ಗೋಡೆಗುಂಟ ಉದ್ದಕ್ಕೆ ಹರಿದ ಗುರುತು ಅದು. ಹಾಗಾದರೆ ಗೋಡೆ ಎಲ್ಲಿ ಮುಗಿಯುತ್ತದೆ, ಮುಗಿದ ಕಡೆ ಆ ನೀರು ಯಾವ ಕಡೆಗೆ ತಿರುಗುತ್ತದೆ? ಭೂವಿಜ್ಞಾನಿ ವರದಿಯಲ್ಲಿ ಎರಡನ್ನೂ ಬರೆದಿದ್ದಾರೆ. ಜಾರಿನ ಎರಡು ತುದಿಗಳಲ್ಲೂ ಕೊರೆದು ನೋಡುವವರೆಗೆ ಹೊಂಡದ ತೀರ್ಮಾನ ತಡೆಹಿಡಿಯಲಾಗಿದೆ. ಬಡಾವಣೆಗೆ ಇದು ಗೆಲುವೇನೂ ಅಲ್ಲ. ತುದಿಯಲ್ಲೂ ಗೋಡೆ ಗಟ್ಟಿಯಿದ್ದರೆ ಹೊಂಡ ಬರುತ್ತದೆ.

ಈಗ ಕಾರ್ಖಾನೆಯವರದ್ದು ಒಂದು ತಕರಾರು: ಅಕ್ಕ ಅಲ್ಲಿರುವಾಗ ತಂಗಿ ಕಲ್ಲು ಕೊಯ್ಯುವುದು ಸರಿಯಲ್ಲ, ಮುಂದಿನ ಉರುಟುಗಳನ್ನು ದೂರದ ಬೇರೆ ಷೆಡ್ಡಿಗೆ ಕಳಿಸಿ. ತಕರಾರಿನಲ್ಲಿ ನ್ಯಾಯವಿದೆ. ಆದರೆ ಆ ಷೆಡ್ಡಿನಲ್ಲಿರುವುದೆಲ್ಲ ನೀರಿನ ಗರಗಸಗಳೇ. ಇತ್ತ ಅಕ್ಕ ತಂಗಿಯ ಫೋನ್ ಎತ್ತದೆ ಒಂದು ವಾರವಾಯಿತು. ಉರುಟುಗಳು ನೀರಿನ ಗರಗಸಕ್ಕೆ ಹೋದರೆ ಅಕ್ಕ ಬಯಸಿದ್ದೇ ಆಗುತ್ತದಲ್ಲ, ಸುಮ್ಮನಿರಬಾರದೇ ಎಂದರೆ ಗರಗಸಮ್ಮ ಇಲ್ಲವೆಂದು ತಲೆಯಾಡಿಸುತ್ತಾರೆ.

"ಅಲ್ಲಿ ಸೋರುತ್ತೆ ಅಂತ ಬಂದ್ರೆ ಕಾರ್ಖಾನೆಯವರು, ನೀವೇ ತೊಳೆದಿರಿ ಅಂತಾರೆ. ಆಗ ನಮ್ಮಕ್ಕನ ಕೈಗೆ ಏನು ಉಳಿಯುತ್ತೆ?" ಕೆಮ್ಮು ಬಂದು ಮಾತು ನಿಲ್ಲುತ್ತದೆ. ನೀರು ಕುಡಿದು ಮತ್ತೆ ಶುರು ಮಾಡುತ್ತಾರೆ. "ಬೇಕಾದ್ರೆ ಕ್ಯಾಮೆರಾ ಇಡ್ಲಿ. ಕಾರ್ಖಾನೆಯವರು ಬಂದು ಎದುರಿಗೆ ನಿಂತ್ಕೊಳ್ಲಿ. ಪಕ್ಕದಲ್ಲಿ ನಮ್ಮಕ್ಕನ್ನೂ ಕುರ್ಚಿ ಹಾಕಿ ಕೂರಿಸ್ಲಿ, ಬೈತಾ ಇರ್ಲಿ. ಕೊಯ್ಯೋದು ಮಾತ್ರ ನನಗೆ ಕೊಡ್ಲಿ. ಗಟ್ಟಿ ಅಂತ ಬಂದಾಗ ಗಟ್ಟಿ ಅಂದೋಳು ನಾನು. ನಾಳೆ ಸೋರುತ್ತೆ ಅಂತ ಬಂದ್ರೆ, ಇಲ್ಲ ಅನ್ನೋಕೆ ಯಾರಿಗೂ ಬಾಯಿರಲ್ಲ."

ಮುಂದಿನ ಉರುಟು ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಗರಗಸಮ್ಮ ಒಣಗರಗಸಕ್ಕೆ ಹೊಸ ಅಲಗು ಹಾಕಿಟ್ಟಿದ್ದಾರೆ.