ಮನೆಗಿಂತ ಮೊದಲು ಮಗ್ಗದ ಕುಣಿ

"ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಯೋಕಿ ಅಂದ್ರ ಸುವಾರ್ತವ್ವ" ಎಂದು ಇಳಕಲ್ಲಿನ ಓಣಿಯವರು ಆಡಿಕೊಳ್ಳುತ್ತಿದ್ದರು. ಬಾಡಿಗೆ ಮನೆಯಲ್ಲಿ ಸೀರೆ ನೇಯುತ್ತಿದ್ದ ಅವಳಿಗೆ ಸರ್ಕಾರದ ನಿವೇಶನವೇನೋ ಸಿಕ್ಕಿತ್ತು. ಡಿಸೆಂಬರಿನೊಳಗೆ ಮನೆಯ ಕೆಲಸ ಶುರುವಾಗದಿದ್ದರೆ ಅದು ರದ್ದು. ಆದರೆ ಕಟ್ಟಲು ಕಲ್ಲೂ ಇರಲಿಲ್ಲ, ಸಿಮೆಂಟೂ ಇರಲಿಲ್ಲ.

ಕ್ರಿಸ್ತ ಜಯಂತಿಗೆ ಕಾಯುವ ಆಗಮನ ಕಾಲದ ಮೊದಲ ಭಾನುವಾರ ಪಾದ್ರಿಗಳು, "ದೇವರು ಕೊಟ್ಟ ಮಾತಿಗೆ ತಪ್ಪಂಗಿಲ್ಲ, ನೀವು ಸಿದ್ಧ ಇರ್ರಿ" ಅಂದರು. ಮರುದಿನವೇ ಸುವಾರ್ತವ್ವ ಬಯಲು ನಿವೇಶನದ ನಡುವೆ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿ ತೋಡಿದಳು.

"ಯಾರ ಸತ್ತಾರಬೇ?" ಎಂದಳು ಬಾಡಿಗೆ ಮನೆಯ ಒಡತಿ ನಿಂಗವ್ವ.

"ಸತ್ತಿಲ್ಲಬೇ, ಹುಟ್ಟಾಂವ ಅದಾನ!"

ನಿವೇಶನ ರದ್ದು ಮಾಡಲು ಎಂಜಿನಿಯರು ಬಂದಾಗ ಅವಳು ಕುಣಿಯಲ್ಲೇ ಕುಳಿತಿದ್ದಳು. "ಒಳಗ ಬರ್ರಿ ಸಾಹೇಬ್ರ, ಚಪ್ಪಲಿ ಹೊರಗ ಬಿಡ್ರಿ." ಇಲ್ಲದ ಬಾಗಿಲಲ್ಲಿ ಅವರು ಚಪ್ಪಲಿ ಬಿಟ್ಟೇ ಬಿಟ್ಟರು. ಆಮೇಲೆ ಹೊಟ್ಟೆ ಹಿಡಿದು ನಕ್ಕು, "ಕೆಲಸ ಶುರುವಾಗಿದೆ" ಎಂದು ಬರೆದುಕೊಂಡರು. ಸರ್ಕಾರದ ನೆರವು ಬಂದು, ಮುಂದಿನ ಆಗಮನ ಕಾಲಕ್ಕೆ ಮನೆ ಎದ್ದು ನಿಂತಿತು.

ಬಾಡಿಗೆ ಮನೆಯಿಂದ ಕಡೆಯ ಸಲ ಹೊರಟಾಗ ನಿಂಗವ್ವ ಅತ್ತಳು. "ಖರೇನ ಹೊಂಟೀ?"

"ಆಮ್ಯಾಲ ಅಳುವಂತಿ, ಮೊದಲ ಈ ಕೊಡ ಹಿಡಿ" ಎಂದು ಸುವಾರ್ತವ್ವ ಹೊಸ ಮನೆಗೆ ಮೊದಲು ಒಯ್ಯುವ ತುಂಬಿದ ಕೊಡವನ್ನು ಅವಳ ಸೊಂಟಕ್ಕೇರಿಸಿ, ಮುಂದೆ ನಡೆದಳು.