ಡಾಕ್ಟರ್ ಆಂಟಿ ಓಡಿಸಿದ ದಿಬ್ಬಣ

ಮೊನ್ನೆ ಮೆಲ್ಬರ್ನ್ ಅಂಚಿನ ಕ್ಲೈಡ್ ನಾರ್ತ್‌ನ ನಮ್ಮ ಮನೆಯಿಂದ ಕ್ರಾನ್‌ಬರ್ನ್ ಕಡೆಗೆ ಹೊರಟಿದ್ದೆ. ಸ್ಕೂಲು ಬಿಡುವ ಹೊತ್ತು, ರಸ್ತೆ ತುಂಬ ಕಾರುಗಳು, ಒಂದೂ ಅಲುಗಾಡುತ್ತಿಲ್ಲ. ಮುಂದಿದ್ದ ಯಾರದೋ ಹಳೆಯ ಕಾರಿನ ಬಾನೆಟ್ಟಿನಿಂದ ಆವಿ ಎದ್ದಿತು, ಜೊತೆಗೇ ಆ ವಾಸನೆ. ಎಂಜಿನ್ ತಂಪು ಮಾಡುವ ಕೂಲಂಟ್ ಕುದಿದು ಹೊರಬಂದಾಗ ಬರುವ ಸಿಹಿ ವಾಸನೆ, ಬೆಲ್ಲದ ಪಾಕ ತಳ ಹಿಡಿದ ಹಾಗೆ. ಅಕ್ಕಪಕ್ಕದವರೆಲ್ಲ ಕಾರಿನ ಗಾಜು ಏರಿಸಿಕೊಂಡರು. ನಾನು ಇಳಿಸಿದೆ. ಡಾಕ್ಟರ್ ಆಂಟಿ ನೆನಪಾದರು...

ಎಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಮೈಸೂರಿನಿಂದ ಸಿಡ್ನಿಗೆ ಬಂದಾಗ ನಮ್ಮ ಎದುರು ಮನೆಯಲ್ಲಿದ್ದವರು ಅವರು. ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು, ಒಬ್ಬಳೇ ಮಗಳು. ಪಾಪ, ಒಂಟಿ ಹೆಂಗಸು, ಹೋಗಿ ಮಾತಾಡಿಸಿ ಬರೋಣ ಎಂದು ಮೊದಲ ಭಾನುವಾರವೇ ಚಕ್ಕುಲಿ ಕಟ್ಟಿಕೊಂಡು ಹೋದೆ. ಬಾಗಿಲು ತಟ್ಟಿದರೆ ಉತ್ತರವಿಲ್ಲ. ಗ್ಯಾರೇಜಿಗೆ ಇಣುಕಿದರೆ ಒಂದು ಕೆಂಪು ಕಾರಿನ ಅಡಿಯಿಂದ ಎರಡು ಕಾಲು, ಕಾಲುಂಗುರವಿಲ್ಲದ ಬೆರಳುಗಳು. "ಯಾರಮ್ಮ ಅದು? ಆ ಸ್ಪ್ಯಾನರ್ ಸ್ವಲ್ಪ ಕೊಡು" ಎಂದಿತು ಕಾರಿನಡಿಯ ದನಿ. ಅಯ್ಯೋ ರಾಮ! ಚಕ್ಕುಲಿ ಕೆಳಗಿಟ್ಟು ಸ್ಪ್ಯಾನರ್ ಕೊಟ್ಟೆ. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಯಾವುದೋ ಹಳ್ಳಿ ಆಸ್ಪತ್ರೆಯ ಡ್ಯೂಟಿಗೆ ಹೋದಾಗ ಅಲ್ಲಿನ ರೈತನ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಆ ಮುದಿ ಕಾರನ್ನು ಆಂಟಿ ಮೆಚ್ಚಿ ತಂದಿದ್ದರಂತೆ. ಅಜ್ಜನ ಕಾಲದ ಗೂಡು, ಒಳಗೆ ಎಂಟು ಸಿಲಿಂಡರಿನ ರಾಕ್ಷಸ ಎಂಜಿನ್. ಇಂಥದ್ದಕ್ಕೆ ಹಾಟ್ ರಾಡ್ ಎನ್ನುತ್ತಾರೆ ಎಂದು ನನಗೆ ಗೊತ್ತಾದದ್ದೇ ಅವರಿಂದ. ಸ್ಟಾರ್ಟ್ ಮಾಡಿದರೆ ನಮ್ಮ ಅಡುಗೆಮನೆಯ ಲೋಟಗಳು ಗಲಗಲ ಎನ್ನುತ್ತಿದ್ದವು. "ಆಂಟಿಗೆ ಎಲ್ಲೋ ಒಂದು ನಟ್ಟು ಲೂಸು" ಎನ್ನುತ್ತಿದ್ದರು ನನ್ನ ಗಂಡ. ಅನ್ನಲಿ. ನಾನಂತೂ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆ.

ಆ ಎಂಜಿನ್ನಿನ ದೊಡ್ಡ ಕಾಯಿಲೆಯೆಂದರೆ ಕಾವು. ಕಾರಿನ ಮೂತಿ ಕಿರಿದು, ಅದರಲ್ಲಿ ಕೂರುವ ರೇಡಿಯೇಟರ್ ಇನ್ನೂ ಕಿರಿದು. ಓಡುವಾಗ ಎದುರುಗಾಳಿ ಹೊಡೆದು ತಣ್ಣಗಿರುತ್ತದೆ, ನಿಂತರೆ ಕುದಿಯುತ್ತದೆ. ಫ್ಯಾನಿನ ಗಾಳಿ ಪಕ್ಕಕ್ಕೆ ಸೋರದಂತೆ ಸುತ್ತ ಒಂದು ತಗಡಿನ ಬಳೆ ಬೇಕಿತ್ತು. ಆಂಟಿ ಏನು ಮಾಡಿದರು ಅಂತೀರಿ? ಯುಗಾದಿ ಊಟಕ್ಕೆ ನಾವೆಲ್ಲ ಪುಳಿಯೋಗರೆ ಕಲಸುತ್ತಿದ್ದ ದೊಡ್ಡ ಅಲ್ಯೂಮಿನಿಯಂ ಬೇಸಿನ್ನಿನ ತಳ ಕತ್ತರಿಸಿ ಕೂರಿಸಿಬಿಟ್ಟರು! ಮುಂದಿನ ಹಬ್ಬಕ್ಕೆ ಹೆಂಗಸರೆಲ್ಲ ಬೇಸಿನ್ ಹುಡುಕಿದ್ದೇ ಹುಡುಕಿದ್ದು. ನಾನು ತುಟಿ ಪಿಟಕ್ಕೆನ್ನಲಿಲ್ಲ.

ಎಂಜಿನ್ ಕಾಯುವ ತನಕ ನೀರನ್ನು ತಡೆದು ಆಮೇಲೆ ಬಿಡುವ ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲೊಂದು ಇರುತ್ತದೆ. ಅದನ್ನು ಕಿತ್ತೆಸೆದರೆ ಸದಾ ತಣ್ಣಗಿರುತ್ತದಲ್ಲ ಎಂದು ನಾನು ಬುದ್ಧಿ ಹೇಳಹೋದೆ. ಆಂಟಿ ಗುರ್ರೆಂದರು. "ಜ್ವರ ಬರುತ್ತೆ ಅಂತ ಪೇಶೆಂಟನ್ನ ಐಸ್ ಮೇಲೆ ಮಲಗಿಸ್ತೀಯೇನೇ? ಕಾವು ಹೆಚ್ಚಾದ್ರೂ ಸಾಯುತ್ತೆ, ಕಮ್ಮಿಯಾದ್ರೂ ಸವೆಯುತ್ತೆ." ಆಪರೇಷನ್ ಟೇಬಲ್ ಮೇಲಿನ ಮೈಯ ಕಾವನ್ನು ಹೇಗೆ ಕಾಯುತ್ತಿದ್ದರೋ ಹಾಗೇ ಎಂಜಿನ್ನಿನ ಕಾವು ತೋರಿಸುವ ಮೀಟರಿನ ಮುಳ್ಳನ್ನೂ ಕಾಯುತ್ತಿದ್ದರು. ಮಾತಾಡುತ್ತಲೇ ಒಂದು ಕಣ್ಣು ಅತ್ತ.

ತೊಂಬತ್ತರ ದಶಕದಲ್ಲಿ ಮಗಳಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಒಬ್ಬ ಕನ್ನಡದ ಹುಡುಗನೂ ಸಿಕ್ಕಿದ. ಮದುವೆ ಜನವರಿಗೆ, ಇಲ್ಲಿನ ನಡುಬೇಸಿಗೆಗೆ, ಗೊತ್ತಾಯಿತು. ಭಾರತದಿಂದ ನೆಂಟರು ಬಂದಿಳಿದರು. ಧಾರೆ ಎರೆಯಲು ಆಂಟಿಯ ತಮ್ಮ, ಅವರ ಹೆಂಡತಿ ಎಂದು ನಿಶ್ಚಯವಾಯಿತು. ಗಂಡನಿಲ್ಲದ ತಾಯಿ ಮಂಟಪದಲ್ಲಿ ಕೂರುವ ಹಾಗಿಲ್ಲವಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು. ಆಂಟಿ ಮಾತ್ರ ಕೂಗಾಡಲಿಲ್ಲ. "ಹೋಗ್ಲಿ ಬಿಡೇ. ಧಾರೆ ಅವರೇ ಎರೀಲಿ. ಮಂಟಪದ ತನಕ ಅವಳನ್ನ ಕರ್ಕೊಂಡು ಹೋಗೋಳು ನಾನು. ನನ್ನ ಕಾರಲ್ಲಿ. ಅದನ್ನ ಮಾತ್ರ ಯಾರಿಗೂ ಬಿಟ್ಟುಕೊಡಲ್ಲ" ಎಂದರು. ಅವರ ಕಣ್ಣು ತುಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸಿಡ್ನಿಯಿಂದ ಮೆಲ್ಬರ್ನ್‌ಗೆ ಆ ಕಾರಿನಲ್ಲಿ ಅವರ ಪಕ್ಕ ಕೂತು ಹೋದವಳು ನಾನೇ. ಗೌಲ್ಬರ್ನ್ ದಾಟಿತು, ಆಲ್ಬರಿ ದಾಟಿತು, ಮುಳ್ಳು ಇದ್ದಲ್ಲಿಂದ ಕದಲಲಿಲ್ಲ. ಪೆಟ್ರೋಲ್ ಬಂಕುಗಳಲ್ಲಿ ಲಾರಿ ಡ್ರೈವರುಗಳು ಬಂದು ಸುತ್ತು ಹಾಕಿ ನೋಡುವರು. ಸೀರೆ ಉಟ್ಟ ಆಂಟಿ ಬಾನೆಟ್ ಎತ್ತಿ ತೋರಿಸುವರು. ನನಗೋ, ನಾನೇ ಕಟ್ಟಿದ್ದೇನೋ ಎಂಬಷ್ಟು ಜಂಬ!

ಮದುವೆಯ ಬೆಳಿಗ್ಗೆ ಮೆಲ್ಬರ್ನ್ ಕಾದ ಕಾವಲಿಯಾಗಿತ್ತು. ಮದುಮಗಳು ಸಿದ್ಧಳಾಗುತ್ತಿದ್ದ ಮನೆಯಿಂದ ಹಾಲ್‌ಗೆ ನಾಲ್ಕಾರು ಬೀದಿ. ಮುಂದೆ ಟೇಪ್ ರೆಕಾರ್ಡರಿನ ನಾದಸ್ವರ, ಹಿಂದೆ ಜನ, ನಡುವೆ ಕಾರು, ಹೀಗೆ ದಿಬ್ಬಣ. ಹೊರಗೆ ಬಂದು ನೋಡುತ್ತೇವೆ, ಮದುಮಗಳ ಸೋದರತ್ತೆ, ಅಂದರೆ ಆಂಟಿಯ ಗಂಡನ ಅಕ್ಕ, ಬೆಳಗಾಗುವುದಕ್ಕೆ ಮೊದಲೇ ಎದ್ದು ಕಾರಿನ ಮೂತಿಗೆ ಸೇವಂತಿಗೆಯ ದಪ್ಪ ಚಾಪೆಯನ್ನೇ ನೇಯ್ದು ಕಟ್ಟಿದ್ದಾರೆ. ಎಲೆಗಳ ತೋರಣ ಬೇರೆ. ಗಾಳಿ ನುಗ್ಗಲು ಒಂದು ಬೆರಳಿನಷ್ಟೂ ಜಾಗವಿಲ್ಲ. ಆಂಟಿಯ ಮುಖ ಸಪ್ಪಗಾಯಿತು. "ನನ್ನ ತಮ್ಮ ಇದ್ದಿದ್ರೆ ಇದನ್ನೆಲ್ಲ ನೋಡ್ತಿದ್ದ ಕಣೇ" ಎಂದು ಸೋದರತ್ತೆ ಕಣ್ಣೊರೆಸಿಕೊಂಡರು. ಅಂಥವರಿಗೆ ಹೂವು ಬಿಚ್ಚಿ ಎಂದು ಹೇಗೆ ಹೇಳುವುದು? ಆಂಟಿ ಸುಮ್ಮನೆ ಸ್ಟಿಯರಿಂಗ್ ಹಿಡಿದರು.

ಹಿಂದಿನ ಸೀಟಿನಲ್ಲಿ ಮದುಮಗಳ ಪಕ್ಕ ನಾನಿದ್ದೆ. ಎರಡು ಬೀದಿ ದಾಟುವುದರೊಳಗೆ ಮುಳ್ಳು ಏರತೊಡಗಿತು. ಕಾರಿನ ಮುಂದೆ ಹುಡುಗರು ಕುಣಿಯುತ್ತಿದ್ದರು, ಹೆಜ್ಜೆಗೊಂದು ಸಲ ನಿಲ್ಲಬೇಕು. ಆಂಟಿ ಹೀಟರ್ ಹಾಕಿದರು. ಎಂಜಿನ್ನಿನ ಕಾವು ಒಳಗಾದರೂ ಬರಲಿ ಎಂದು. ಆ ಬಿಸಿಲಿನಲ್ಲಿ ಹೀಟರ್! ಮದುಮಗಳ ರೇಷ್ಮೆ ಸೀರೆ ಬೆವರಿನಲ್ಲಿ ತೊಯ್ದಿತು, ನನ್ನ ಕುಂಕುಮ ಮೂಗಿಗಿಳಿಯಿತು. ಮುಳ್ಳು ಇನ್ನೂ ಮೇಲಕ್ಕೆ. ಆಗ ಬಂತು ಆ ಸಿಹಿ ವಾಸನೆ...

ಆಂಟಿ ಎಂಜಿನ್ ಆರಿಸಿ ಇಳಿದರು. ಜನ ಮುತ್ತಿಕೊಂಡರು. ಯಾರೋ ಹಿರಿಯರು ತಣ್ಣೀರಿನ ಬಾಟಲಿ ಹಿಡಿದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಹೋದರು. "ಮುಟ್ಬೇಡಿ! ಮುಖ ಸುಟ್ಟುಹೋಗುತ್ತೆ!" ಎಂದು ಆಂಟಿ ಅಬ್ಬರಿಸಿದರು. ಬೇರೆ ಕಾರು ತರಿಸೋಣ, ಮುಹೂರ್ತ ಮೀರುತ್ತದೆ ಎಂದರು ಮತ್ತಾರೋ. ಆಂಟಿ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸೇವಂತಿಗೆಯ ಚಾಪೆಗೆ ಎರಡೂ ಕೈ ಹಾಕಿ ಕಿತ್ತರು.

ನಾದಸ್ವರ ನಿಂತಿತು. "ಅಪಶಕುನ ಕಣೇ! ನೀನು ಮದುವೆ ಹೂವು ಕೀಳೋದಾ?" ಎಂದು ಸೋದರತ್ತೆ ಎದೆಗೆ ಕೈಯಿಟ್ಟುಕೊಂಡರು. ಆಂಟಿಯ ಕೈ ಅರ್ಧಕ್ಕೇ ನಿಂತಿತು.

ಅಷ್ಟರಲ್ಲಿ ಮದುಮಗಳು ಕೈಯಲ್ಲಿದ್ದ ತೆಂಗಿನಕಾಯಿಯನ್ನು ನನ್ನ ಮಡಿಲಿಗೆ ಹಾಕಿ ಬಾಗಿಲು ತೆರೆದಳು. "ಹೌ ಹಾಟ್, ಮಮ್?"

"ತುಂಬಾ ಹಾಟ್, ಪುಟ್ಟಿ."

ಅವಳು ಕೆಳಗಿಳಿದಳು. ಬಳೆ ತುಂಬಿದ ಕೈಯಿಂದ ಉಳಿದ ಹೂವನ್ನೆಲ್ಲ ಕಿತ್ತು ಹುಲ್ಲಿನ ಮೇಲೆ ಹಾಕಿ ಬಂದು ಕೂತಳು. ಆಂಟಿ ಮತ್ತೆ ಸ್ಟಾರ್ಟ್ ಮಾಡಿ, ಉದ್ದಕ್ಕೆ ಹಾರ್ನ್ ಹೊಡೆದರು. ಜನ ದಡಬಡ ಪಕ್ಕಕ್ಕೆ ಸರಿದರು. ದಿಬ್ಬಣವನ್ನು ಬೀದಿಯಲ್ಲೇ ಬಿಟ್ಟು ಕಾರು ದೊಡ್ಡ ರಸ್ತೆಗೆ ಹಾರಿತು!

ಅಬ್ಬಬ್ಬಾ, ಆ ಓಟ! ಕಿಟಕಿಗಳಿಂದ ಗಾಳಿ ನುಗ್ಗಿ ಮದುಮಗಳ ಬಾಸಿಂಗ ಪಟಪಟ ಹೊಡೆದುಕೊಂಡಿತು. ಒಂದು ಕೈಯಲ್ಲಿ ತೆಂಗಿನಕಾಯಿ, ಒಂದು ಕೈಯಲ್ಲಿ ಸೀಟು ಹಿಡಿದು ನಾನು ಊರ ದೇವರನ್ನೆಲ್ಲ ಕರೆದೆ. ಎಂಜಿನ್ ಗರ್ಜಿಸುತ್ತಿತ್ತು, ಮುಳ್ಳು ಮಾತ್ರ ಮೆಲ್ಲಗೆ, ಹೇಳಿದ ಮಾತು ಕೇಳುವ ಮಗುವಿನಂತೆ ಇಳಿಯುತ್ತ ಬಂತು. ತಾಯಿ ಮಗಳು ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಅವತ್ತು ಆಂಟಿಯನ್ನು ನೋಡಿ ನನಗೆ ಕೈ ಮುಗಿಯಬೇಕೆನಿಸಿತು, ಸುಳ್ಳಲ್ಲ. ಒಂದು ದೊಡ್ಡ ಸುತ್ತು ಹೊಡೆದು ಹಾಲ್‌ನ ಬಾಗಿಲಿಗೆ ಬರುವಷ್ಟರಲ್ಲಿ ದಿಬ್ಬಣವೂ ಏದುಸಿರು ಬಿಡುತ್ತ ಅಲ್ಲಿಗೆ ಬಂತು.

ಧಾರೆಯ ಹೊತ್ತಿಗೆ ಆಂಟಿಯ ತಮ್ಮ, ಅವರ ಹೆಂಡತಿ ಮಣೆಯ ಮೇಲೆ ಕೂತಿದ್ದರು. ಆಂಟಿ ಕಂಬದ ಹಿಂದೆ ನಿಂತಿದ್ದರು. ಮದುಮಗಳು ಕೈ ಮುಂದೆ ಚಾಚಲಿಲ್ಲ. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ, ಪುರೋಹಿತರ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು, "ಅಮ್ಮ ಬರ್ಬೇಕು." ತಮ್ಮ ತಾನಾಗಿಯೇ ಎದ್ದು "ಬಾ ಅಕ್ಕ" ಎಂದರು. ಆಂಟಿ ಕದಲಲಿಲ್ಲ, ಸೋದರತ್ತೆಯ ಮುಖವನ್ನೇ ನೋಡಿದರು. ಆ ಮುದುಕಿ ನೀರಿನ ಗಿಂಡಿಯನ್ನು ತೆಗೆದು ಆಂಟಿಯ ಕೈಗೆ ತುರುಕಿದರು. "ಎರೀಯೇ, ನಿಂತು ಏನು ನೋಡ್ತೀಯ, ಮುಹೂರ್ತ ಮೀರುತ್ತೆ!" ಎಂದರು. ಆಂಟಿಯ ಬೆರಳುಗಳಿಗೆ ಎಂಜಿನ್ನಿನ ಕಪ್ಪು ಅಂಟಿತ್ತು. ಹಾಗೇ ಎರೆದರು. ನಾನು ಗೊಳೋ ಎಂದು ಅತ್ತೆ.

ಆಂಟಿ ತೀರಿಕೊಂಡು ಈಗ ಕೆಲವು ವರ್ಷವಾಯಿತು. ನಾವೂ ಸಿಡ್ನಿ ಬಿಟ್ಟು ಇಲ್ಲಿಗೆ ಬಂದೆವು, ಆಮೇಲೆ ನನ್ನ ಗಂಡನೂ ಹೋದರು. ಬರುವ ಬೇಸಿಗೆಗೆ ನನ್ನ ಮಗಳ ಮದುವೆ. ಮೊನ್ನೆ ಕ್ರಾನ್‌ಬರ್ನ್‌ನಿಂದ ಮನೆಗೆ ಬಂದ ಸ್ವಲ್ಪ ಹೊತ್ತಿಗೆ ಮೈಸೂರಿನಿಂದ ಮೈದುನನ ಫೋನ್ ಬಂತು. "ಅತ್ತಿಗೆ, ನೀವೇನೂ ಯೋಚನೆ ಮಾಡ್ಬೇಡಿ. ಧಾರೆಗೆ ನಾನೂ ಇವಳೂ ಕೂತ್ಕೋತೀವಿ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

"ಮುಂದಿನ ಸಾಲಲ್ಲಿ ಕೂತ್ಕೊಳಿ ಕಣಪ್ಪ. ಧಾರೆ ನಾನು ಎರೀತೀನಿ" ಎಂದೆ. ಅತ್ತ ಹೆಂಡತಿಯೊಡನೆ ಏನೋ ಗುಸುಗುಸು. ಆಮೇಲೆ "ಸರಿ ಅತ್ತಿಗೆ" ಎಂದ.

ಫೋನ್ ಇಟ್ಟ ತಕ್ಷಣ ಇದನ್ನು ಆಂಟಿಗೆ ಹೇಳಬೇಕೆನಿಸಿತು. ಅವರ ಹಳೆಯ ಸಿಡ್ನಿ ನಂಬರು ಇನ್ನೂ ಬಾಯಿಪಾಠ. ಒಂದೊಂದೇ ಅಂಕಿ ಒತ್ತಿದೆ, ಕೊನೆಯದನ್ನು ಒತ್ತುವಾಗ ನೆನಪಾಯಿತು.