‘ಕ’ದ ತಲೆಕಟ್ಟು

ನಮ್ಮ ಬಳಗದ ಲೋಗೋ ಬರೆದವನು ನಾನಲ್ಲ. ಅದನ್ನು ಬಳಸುವ ನಿಯಮಗಳ ಪುಟದಲ್ಲಿ ನನ್ನ ಹೆಸರಿತ್ತು, ಇಷ್ಟು ವರ್ಷ ನಾನದನ್ನು ತೆಗೆಯಲಿಲ್ಲ. ಬರೆದವರು ವನಮಾಲಾ. ಅವರ ಅಕ್ಷರವನ್ನು ಕದ್ದಿದ್ದಷ್ಟೇ ಅಲ್ಲ — ಅದೇ ಅಕ್ಷರವನ್ನು ಎಲ್ಲರೆದುರು ತಪ್ಪೆಂದು ತೋರಿಸಿದವನೂ ನಾನೇ.

ಹೈದರಾಬಾದಿನ ನಾವು ಕೆಲವರು ಸೇರಿ ಮೊಬೈಲಿನಲ್ಲಿ ಕನ್ನಡ ಬರೆಯಲು ಒಂದು ಕೀಬೋರ್ಡ್ ತಯಾರಿಸುತ್ತಿದ್ದೆವು. ಮುಕ್ತ ತಂತ್ರಾಂಶ — ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ದುಡ್ಡಿನ ಮಾತಿಲ್ಲ, ಮಾಡಿದವರ ಹೆಸರು ಹಾಕುವುದೊಂದೇ ಅಲ್ಲಿನ ಸಂಬಳ. ಭಾನುವಾರ ಹಿಮಾಯತ್‌ನಗರದ ಗೆಳೆಯರೊಬ್ಬರ ಆಫೀಸಿನಲ್ಲಿ ಸೇರುತ್ತಿದ್ದೆವು. ನಾನು ಧಾರವಾಡದಲ್ಲಿ ಓದಿದವನು, ಆ ಗತ್ತು ಬೇರೆ. ವನಮಾಲಾ ಹೈದರಾಬಾದಿನದೇ ಮೆಹದಿಪಟ್ಟಣಂನವರು. ಕಲಬುರಗಿ ಕಡೆಯ ಮನೆತನ, ಮನೆಯಲ್ಲಿ ಕನ್ನಡ, ಆದರೆ ಶಾಲೆಯೆಲ್ಲ ತೆಲುಗು. ಕನ್ನಡ ಬರೆಯುವುದನ್ನು ದೊಡ್ಡವರಾದ ಮೇಲೆ ತಾವಾಗಿಯೇ ಕಲಿತಿದ್ದರು, ಬರೆದದ್ದನ್ನು ತೋರಿಸಲು ನಾಚುತ್ತಿದ್ದರು. ನಮ್ಮ ಕೀಬೋರ್ಡ್ ಬಂದ ಮೇಲೆ ಮಾತ್ರ ಗುಂಪಿಗೆ ಪ್ರತಿ ಸಂದೇಶವನ್ನೂ ಕನ್ನಡದಲ್ಲೇ ಕಳಿಸತೊಡಗಿದ್ದರು.

ಒಂದು ಭಾನುವಾರ ಬೇಗ ಬಂದು ನನ್ನೊಬ್ಬನಿಗೇ ಒಂದು ಹಾಳೆ ತೋರಿಸಿದರು. ಕೀಬೋರ್ಡಿನ ಕೀಲಿಯೊಂದರ ಮೇಲೆ ದುಂಡನೆಯ ‘ಕ’. ಕನ್ನಡದ ‘ಕ’ಕ್ಕೂ ತೆಲುಗಿನ ‘ಕ’ಕ್ಕೂ ವ್ಯತ್ಯಾಸ ಹೆಚ್ಚಿಲ್ಲ, ತಲೆಕಟ್ಟೊಂದೇ — ಅವರ ಕೈಗೆ ರೂಢಿಯಾಗಿದ್ದ ತೆಲುಗು ತಲೆಕಟ್ಟು, ಮಾಸ್ತರರು ಹಾಕುವ ರೈಟ್ ಗುರುತಿನಂತೆ ಮೇಲಕ್ಕೆ ಚಿಮ್ಮಿತ್ತು.

“ಎಲ್ಲಾರಿಗೂ ಚಂದ ಅನಿಸಿದ್ರಷ್ಟ ನನ್ನ ಹೆಸರು ಹೇಳ್ರಿ. ಇಲ್ಲಾಂದ್ರ ಬ್ಯಾಡ್ರಿ, ನಗ್ತಾರ,” ಅಂದರು.

ನಾನು ತಲೆಕಟ್ಟನ್ನು ಕನ್ನಡದ್ದಕ್ಕೆ ತಿದ್ದಿ ಪರದೆಯ ಮೇಲೆ ತೋರಿಸಿದೆ. ಎಲ್ಲರೂ ಮೆಚ್ಚಿದರು. ಯಾರು ಮಾಡಿದ್ದು ಎಂದು ಒಬ್ಬರು ಕೇಳಿದರು. ಹಿಂದಿನ ಕುರ್ಚಿಯಲ್ಲಿ ವನಮಾಲಾ ತಲೆ ಎತ್ತಿದ್ದನ್ನು ಕಂಡೆ — ಕಂಡೂ, “ಇಲ್ಲೇ ಕೂತು ಮಾಡಿದ್ದು,” ಅಂದೆ. ಮಾಡಿದವರು ಯಾರೆಂದು ಹೇಳದೆಯೂ ನಮ್ಮ ಭಾಷೆಯಲ್ಲಿ ವಾಕ್ಯ ಪೂರ್ತಿಯಾಗುತ್ತದೆ. ಚಪ್ಪಾಳೆ ನನ್ನ ಕಡೆ ತಿರುಗಿತು, ನಾನು ಬೇಡ ಅನ್ನಲಿಲ್ಲ. ಅವರು ತಲೆ ತಗ್ಗಿಸಿದರು.

ಅಲ್ಲಿಗೆ ನಿಲ್ಲಿಸಿದ್ದರೆ — ಇಲ್ಲ, ಅಲ್ಲಿಗೇ ಅನ್ಯಾಯ ಆಗಿಹೋಗಿತ್ತು. ಲೋಗೋ ಬಳಸುವ ನಿಯಮಗಳನ್ನು ಬರೆಯುವ ಕೆಲಸವೂ ನನಗೇ ಬಂತು. ಲೋಗೋ ಬರೆದವರ ಹೆಸರಿನ ಜಾಗದಲ್ಲಿ ನನ್ನದನ್ನೇ ಹಾಕಿದೆ. ತಂತ್ರಾಂಶದಲ್ಲಿ ಏನು ಬೇಕಾದರೂ ತಿದ್ದಿ, ಲೋಗೋ ಒಂದನ್ನು ಮುಟ್ಟಬೇಡಿ ಎಂಬ ನಿಯಮ. ಬಣ್ಣ ಇದೇ ಇರಲಿ, ಸುತ್ತ ಇಷ್ಟು ಜಾಗ ಬಿಡಿ… ‘ಹೀಗೆ ಮಾಡಬೇಡಿ’ ಎಂಬ ಪುಟಕ್ಕೆ ಉದಾಹರಣೆಗಳು ಬೇಕಿದ್ದವು. ಹಿಗ್ಗಿಸಿದ್ದೊಂದು, ಬಣ್ಣ ಬದಲಿಸಿದ್ದೊಂದು ಹಾಕಿದೆ. ಆಮೇಲೆ ಅವರ ಹಾಳೆಯ ‘ಕ’ವನ್ನೇ ಹಾಕಿದೆ. ರೈಟ್ ಗುರುತನ್ನು ತಲೆಯ ಮೇಲೆ ಹೊತ್ತ ಅಕ್ಷರಕ್ಕೆ ಕೆಂಪು ಇಂಟು ಹೊಡೆದೆ. ಮರೆವಿನಿಂದ ಆದದ್ದಲ್ಲ. ಅದು ತಪ್ಪು ಅಂತಾದರೆ ಸರಿಯಾದದ್ದು ನನ್ನದಾಗುತ್ತದೆ ಎಂಬ ಯೋಚನೆ ಒಳಗೆಲ್ಲೋ ಇತ್ತು.

ಮುಂದಿನ ಸಭೆಯಲ್ಲಿ ಆ ಪುಟ ಪರದೆಗೆ ಬಂದಾಗ “ತೆಲುಗು ಕ” ಎಂದು ಯಾರೋ ನಕ್ಕರು. ನಾನೂ ನಕ್ಕೆ.

ಸಭೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ವನಮಾಲಾ ನಿಂತಿದ್ದರು. ಜಗಳಕ್ಕೆ ತಯಾರಾಗಿಯೇ ಹೋದೆ.

“ತಪ್ಪಿದ್ರ ಅವತ್ತ ಹೇಳಬೇಕಿತ್ತಲ್ರಿ,” ಅಂದರು. “ತಿದ್ದಿಕೋತಿದ್ದೆ.”

ಹೆಸರಿನ ಮಾತೇ ಎತ್ತಲಿಲ್ಲ. ಮತ್ತೆ ಅವರು ಬರಲೂ ಇಲ್ಲ. ಹಬ್ಬಕ್ಕೆ ಶುಭಾಶಯ ಕಳಿಸುವುದನ್ನು ಮಾತ್ರ ಬಿಡಲಿಲ್ಲ — ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ. ಯಾರು ಕನ್ನಡ ಬರೆಯಲೆಂದು ಆ ಕೀಬೋರ್ಡ್ ಮಾಡಿದೆವೋ, ಅವರ ಕೈಯಿಂದಲೇ ಕನ್ನಡ ಬಿಡಿಸಿದೆ. ಆ ನಾಚಿಕೆ ನನ್ನನ್ನು ಬಿಟ್ಟಿಲ್ಲ.

ಈ ಯುಗಾದಿಗೂ ಶುಭಾಶಯ ಬಂತು, ಹಾಗೆಯೇ. ತಡೆಯಲಾಗಲಿಲ್ಲ. ನಿಯಮಗಳ ಪುಟ ತೆರೆದು ನನ್ನ ಹೆಸರು ತೆಗೆದು ಅವರದನ್ನು ಹಾಕಿದೆ, ಅವರ ‘ಕ’ದ ಮೇಲಿನ ಕೆಂಪು ಗುರುತು ತೆಗೆದೆ. ಏನು ಬದಲಿಸಿದರೂ ಕಾರಣ ಬರೆಯುವುದು ನಮ್ಮ ಪದ್ಧತಿ. ‘ಸಣ್ಣ ತಿದ್ದುಪಡಿ’ ಎಂದು ಬರೆಯಹೋಗಿ ಅಳಿಸಿದೆ. ‘ಹಿಂದಿನ ಹೆಸರು ಸುಳ್ಳು, ಹಾಕಿದವನು ನಾನು’ ಎಂದು ಬರೆದೆ. ನಮ್ಮಲ್ಲಿ ಹಳೆಯ ಪ್ರತಿಗಳು ಅಳಿಯುವುದಿಲ್ಲ. ಆ ಕೆಂಪು ಗುರುತನ್ನು ಯಾರು ಬೇಕಾದರೂ ಹುಡುಕಿ ನೋಡಬಹುದು. ನೋಡಲಿ.

ತಿದ್ದಿದ ಪುಟವನ್ನು ವನಮಾಲಾ ಅವರಿಗೆ ಕಳಿಸಿ, ಕ್ಷಮಿಸಿ ಎಂದು ಬರೆದೆ. ಸಂಜೆ ಉತ್ತರ ಬಂತು.

“ನೋಡೀನ್ರಿ.”

ಇಂಗ್ಲಿಷ್ ಅಕ್ಷರಗಳಲ್ಲಿ.